ಹಸಿ ಬಣ್ಣದ ಮುಖ

ಗದಗಿನ ನೀಲಾಂಬಿಕಾ ಚಿತ್ರಗಾರ ಬರೆದ ತೈಲಚಿತ್ರವೊಂದು ಮೊದಲ ಸಲ ಬೆಂಗಳೂರಿನ ಹರಾಜಿಗೆ ಬಂದಿತ್ತು. ರೊಟ್ಟಿ ಬಡಿಯುವ ಹೆಂಗಸಿನ ಚಿತ್ರ. ಎರಡು ಕೈ ಮಾತ್ರ ಸ್ಪಷ್ಟವಾಗಿದ್ದವು; ಮೈಯೆಲ್ಲ ಕೆಂಪು, ಬೂದು ಬಣ್ಣಗಳಲ್ಲಿ ಕರಗಿಹೋಗಿತ್ತು. ಮುಖವೇ ಇರಲಿಲ್ಲ. ಇದು ಮಾರಾಟವಾಗದಿದ್ದರೆ ಇನ್ನು ಕುಂಚ ಮುಟ್ಟುವುದಿಲ್ಲ ಎಂದು ಅವಳು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದಳು.

ಹರಾಜಿನ ಹಿಂದಿನ ದಿನ ಜನ ಚಿತ್ರ ನೋಡಲು ಬಂದರು. ನೀಲಾಂಬಿಕಾ ಮೂಲೆಯಲ್ಲಿ ನಿಂತು ಕಿವಿಗೊಟ್ಟಳು.

"ಮುಖ ಬರೆಯೋಕೆ ಬರಲ್ಲ ಅನ್ಸುತ್ತೆ," ಎಂದರೊಬ್ಬರು.

"ಅರ್ಧಕ್ಕೇ ಬಿಟ್ಟಿದ್ದಾರೆ," ಎಂದರು ಇನ್ನೊಬ್ಬರು.

ಬಿಳಿ ಸೀರೆಯ ಅಜ್ಜಿಯೊಬ್ಬರು ಬಹಳ ಹೊತ್ತು ನಿಂತು, ಏನೂ ಹೇಳದೆ ಹೋದರು. ನೀಲಾಂಬಿಕಾಳ ಜೀವ ಇನ್ನಷ್ಟು ಕುಗ್ಗಿತು. ಸಂಜೆ ಧೂಳು ಒರೆಸುವ ನೆಪ ಮಾಡಿ ಒಳಗೆ ಹೋದವಳು ಕಣ್ಣು, ಮೂಗು, ತುಟಿ ಎಲ್ಲ ತಿದ್ದಿ ತೀಡಿ ಮುಖ ಬರೆದೇಬಿಟ್ಟಳು. ಎಂಥ ಮುಖ ಅಂತೀರಿ, ಸೋಪಿನ ಜಾಹೀರಾತಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮರುದಿನ ಹರಾಜು ಶುರುವಾಗಿತ್ತು. ಚಿತ್ರಗಳನ್ನು ಒಂದೊಂದಾಗಿ ಒಳಗೆ ಕಳಿಸುತ್ತಿದ್ದ ಮೇಲ್ವಿಚಾರಕ ಮೊಣ್ಣಪ್ಪ ಅವಳನ್ನು ಪಕ್ಕದ ಕೋಣೆಗೆ ಕರೆಸಿದರು. ಕೈಯಲ್ಲಿ ಕ್ಯಾಟಲಾಗ್ ಇತ್ತು.

"ಈ ಫೋಟೋದಲ್ಲಿ ಮುಖ ಇಲ್ಲ, ಚಿತ್ರದಲ್ಲಿ ಇದೆ. ಒಂದು ತೋರಿಸಿ ಇನ್ನೊಂದು ಮಾರೋಕಾಗಲ್ಲಮ್ಮ. ನಿಮ್ಮ ಸರದಿ ಬರೋದ್ರೊಳಗೆ ಮೊದಲಿನ ಹಾಗೆ ಮಾಡಿ. ಇಲ್ಲಾಂದ್ರೆ ವಾಪಸ್ ತಗೊಂಡು ಹೋಗಿ."

ನೀಲಾಂಬಿಕಾ ಚಿತ್ರದ ಮುಂದೆ ಕೂತಳು. ಪುಣ್ಯಕ್ಕೆ ತೈಲವರ್ಣ ಬೇಗ ಒಣಗುವುದಿಲ್ಲ. ಹಳೆಯ ಬಣ್ಣ ಒಣಗಿ ವರ್ಷವಾಗಿತ್ತು, ಹೊಸ ಮುಖ ಇನ್ನೂ ಹಸಿ. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆ ಹಿಡಿದಳು. ಮೆಲ್ಲಗೆ ಒರೆಸಿದರೆ ಮುಖ ಹೋಗದು, ಒತ್ತಿದರೆ ಅಡಿಯ ಬಣ್ಣವೂ ಕಿತ್ತುಬಂದೀತು. ಒಳಗೆ ಹರಾಜಿನ ಸುತ್ತಿಗೆ ಬಡಿದ ಸದ್ದಾಯಿತು. ಮುಂದಿನ ಸರದಿ ಅವಳದೇ. ಉಸಿರು ಬಿಗಿಹಿಡಿದು ತುಟಿ ಒರೆಸಿದಳು, ಮೂಗು ಒರೆಸಿದಳು, ಕೊನೆಗೆ ಕಣ್ಣು. ಕೆಳಗಿನ ಕೆಂಪು ಹಾಗೇ ಇತ್ತು.

ಮೊಣ್ಣಪ್ಪ ಕ್ಯಾಟಲಾಗನ್ನು ಚಿತ್ರದ ಪಕ್ಕಕ್ಕೆ ಹಿಡಿದು ಹೋಲಿಸಿ ನೋಡಿದರು. "ಹೂಂ, ನಡೀರಿ," ಎಂದರು.

ಹರಾಜಿನ ಕೂಗು ಎದ್ದಿತು. ಯಾರೂ ಕೈಯೆತ್ತಲಿಲ್ಲ. ನೀಲಾಂಬಿಕಾ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಬಿಳಿ ಸೀರೆಯ ಅಜ್ಜಿಯ ಕೈ ಮೇಲೆದ್ದಿತು. ಸುತ್ತಿಗೆ ಬೀಳುವವರೆಗೂ ಅದು ಕೆಳಗಿಳಿಯಲಿಲ್ಲ.

"ನಿನ್ನೆ ನೀವು ಏನೂ ಅನ್ಲಿಲ್ಲರೀ," ಎಂದಳು ನೀಲಾಂಬಿಕಾ ಆಮೇಲೆ, ಅಜ್ಜಿಯ ಎದುರು ನಿಂತು.

"ಏನಂತ ಹೇಳ್ಲಿ ತಂಗಿ? ಅವು ನಮ್ಮವ್ವನ ಕೈ. ಮುಖ ಇದ್ದಿದ್ರ ಬ್ಯಾರೆ ಯಾರದೋ ಅವ್ವ ಆಗಿಬಿಡ್ತಿದ್ಲು."

ನೀತಿ: ಗಟ್ಟಿಯಾಗಿ ಮಾತಾಡಿದವರಿಗೆ ಹೆದರಿ ನಿಮ್ಮ ಕೆಲಸ ಕೆಡಿಸಿಕೊಳ್ಳಬೇಡಿ, ಸುಮ್ಮನೆ ನಿಂತು ನೋಡಿದವರೂ ಇರುತ್ತಾರೆ. ಹೆದರಿ ಕೆಡಿಸಿಯೇ ಇದ್ದರೆ, ಒಣಗುವ ಮುಂಚೆ ಒರೆಸಿಬಿಡಿ.