ನೀಲಿಯೇ ಇಲ್ಲದ ನೀಲಿಹೊಂಡ

ಹಾಲುಬಂಡೆ ಊರಿನ ಪಡುವಣ ಗುಡ್ಡವನ್ನು ಹತ್ತಿದರೆ ಒಂದು ಗವಿ ಸಿಗುತ್ತದೆ. ಅದರ ಒಳಗೋಡೆಯ ಮೇಲೆ ಊರದೇವತೆ ಅಮ್ಮನ ಚಿತ್ರವಿದೆ. ವಿಗ್ರಹವಲ್ಲ, ಚಿತ್ರ, ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಚಿತ್ರದ ಪಾದದ ಬಳಿ ಬಂಡೆಯಲ್ಲಿ ಕೊರೆದ ಪುಟ್ಟ ಹೊಂಡಕ್ಕೆ ನೀಲಿಹೊಂಡ ಎಂದು ಹೆಸರು. ಆದರೆ ಅದರ ನೀರು ನೀಲಿಯಲ್ಲ. ಅಮ್ಮನ ಮುಖ ಕಾವಿ, ಸೀರೆಯೂ ಕಾವಿ, ಗವಿಯ ಕಲ್ಲು ಬೂದು. ಬಂದವರು ಹೊಂಡದೊಳಗೆ ಇಣುಕುತ್ತಾರೆ, ಬೊಗಸೆಯಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿಯುತ್ತಾರೆ, ದಾರಿ ತಪ್ಪಿ ಬೇರೆ ಗವಿಗೆ ಬಂದೆವೇನೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾನೂ ಬೆಳಗ್ಗೆ ನೋಡಿದ್ದೇನೆ, ಇಳಿಹೊತ್ತಿನಲ್ಲಿ ನೋಡಿದ್ದೇನೆ. ನೀಲಿ ಕಾಣಲಿಲ್ಲ. ಊರಿನ ಹಿರಿಯರು ಹೇಳುವ ಕಾರಣ ಹೀಗಿದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಆಳುತ್ತಿದ್ದ ಪಾಳೆಯಗಾರನ ತಾಯಿ ಹೊನ್ನವ್ವ ನಾಗತಿಯ ಕನಸಿನಲ್ಲಿ ನೀಲಿ ಮುಖದ ಅಮ್ಮ ಕಾಣಿಸಿಕೊಂಡಳಂತೆ. ಗವಿಯ ಗೋಡೆಯಲ್ಲಿ ಆ ರೂಪವನ್ನು ಬರೆಯಲು ಲಕ್ಕಣ್ಣನೆಂಬ ಚಿತ್ರಗಾರನನ್ನು ನೇಮಿಸಿದರು. ಅವನು ಮೈ, ಸೀರೆ, ಒಡವೆಗಳನ್ನು ಮುಗಿಸಿದ ಮೇಲೆ ಜ್ವರ ಬಂದು ತೀರಿಕೊಂಡ. ಮುಖ ಬಾಕಿ ಉಳಿಯಿತು. ಚಿತ್ರಗಾರರ ಕೆಲಸ ಮನೆತನದ ಹಕ್ಕು. ಲಕ್ಕಣ್ಣನ ತಮ್ಮ ಸಂಜೀವಣ್ಣ ಅದು ತನಗೆ ಸೇರಬೇಕೆಂದ. ಆದರೆ ಗಂಡನಿಗೆ ಬಣ್ಣ ಅರೆದು ಕುಂಚ ಕಟ್ಟಿ ಕೈ ಪಳಗಿದ್ದ ಲಕ್ಕಣ್ಣನ ಹೆಂಡತಿ ತಿರುಮಲವ್ವ, ಮುಖವನ್ನು ತಾನೇ ಬರೆಯುವೆನೆಂದಳು. "ಮುಖ ನಿಂತರೆ ಕುಂಚದ ಹಕ್ಕು ನಿನ್ನದು, ಕೆಟ್ಟರೆ ಮೈದುನನದು" ಎಂದು ನಾಗತಿ ತೀರ್ಮಾನಿಸಿದಳು.

ಇಲ್ಲಿ ಗೋಡೆಯ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಗೋಡೆಗೆ ಬಣ್ಣ ಹಚ್ಚುವುದರಲ್ಲಿ ಎರಡು ಬಗೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬರೆದರೆ ಗಾರೆ ಬಣ್ಣವನ್ನು ಕುಡಿದು ಕಲ್ಲಾಗುತ್ತದೆ. ಮತ್ತೆ ತೊಳೆದರೂ ಹೋಗದು. ಗಾರೆ ಒಣಗಿದ ಮೇಲಾದರೆ ಬಣ್ಣಕ್ಕೆ ಮರದ ಅಂಟು ಕಲಸಿ ಬರೆಯುತ್ತಾರೆ. ಅದು ಗೋಡೆಯ ಒಳಗೆ ಇಳಿಯುವುದಿಲ್ಲ, ಮೇಲೆ ಕುಳಿತಿರುತ್ತದೆ. ಕಾವಿಯಂಥ ಮಣ್ಣಿನ ಬಣ್ಣ ಹಸಿ ಸುಣ್ಣವನ್ನು ತಾಳುತ್ತದೆ. ಗಿಡದ ಎಲೆಯಿಂದ ಬರುವ ನೀಲಿ ತಾಳುವುದಿಲ್ಲ, ಸತ್ತುಹೋಗುತ್ತದೆ. ಆದ್ದರಿಂದ ಲಕ್ಕಣ್ಣ ಬರೆದ ಮೈ ಹಸಿ ಗಾರೆಯ ಕೆಲಸ, ತಿರುಮಲವ್ವ ಬರೆದ ಮುಖ ಒಣಗೋಡೆಯ ಕೆಲಸ. ಆ ಮುಖದಷ್ಟು ಚೆಲುವಾದ ಮುಖವನ್ನು ಯಾರೂ ಕಂಡಿರಲಿಲ್ಲ ಎನ್ನುತ್ತಾರೆ.

ಚಿತ್ರಕ್ಕೆ ಯಾರಾದರೂ ಸ್ನಾನ ಮಾಡಿಸುತ್ತಾರೆಯೇ ಎಂದುಕೊಂಡು ತಿರುಮಲವ್ವ ಎಚ್ಚರಿಕೆ ಹೇಳಲಿಲ್ಲ. ದೇವರಿಗೆ ಯಾರಾದರೂ ಸ್ನಾನ ತಪ್ಪಿಸುತ್ತಾರೆಯೇ ಎಂದುಕೊಂಡು ನಾಗತಿಯೂ ಕೇಳಲಿಲ್ಲ. ಮೊದಲ ಪೂಜೆಯಂದು ಕೊಡಗಟ್ಟಲೆ ಹಾಲು, ಅರಿಸಿನದ ನೀರು ಸುರಿದರು. ನೀಲಿ ಕರಗಿ ಗಲ್ಲದಿಂದ ಕೊರಳಿಗೆ, ಕೊರಳಿನಿಂದ ಸೀರೆಗೆ ಇಳಿದು ಹೊಂಡ ತುಂಬಿತು. ಜನರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅಮ್ಮ ಅತ್ತಳು ಎಂದರು ಕೆಲವರು. ಬೆವತಳು ಎಂದರು ಕೆಲವರು. ಹೆಂಗಸರು ಆ ನೀರನ್ನು ತೀರ್ಥವೆಂದು ಕುಡಿದು ನೀಲಿ ತುಟಿಯಲ್ಲಿ ನಿಂತರು. ನೀಲಿಹೊಂಡವೆಂಬ ಹೆಸರು ಅಂದೇ ಹುಟ್ಟಿತು.

ಸಂಜೀವಣ್ಣ ಮಾತ್ರ ನಕ್ಕ. "ಅಣ್ಣ ಬರೆದ ಸೀರೆ ನೋಡ್ರಪ್ಪ, ಹಂಗೇ ಐತೆ. ಅತ್ತಿಗೆ ಬರೆದ ಮುಖ ಮಜ್ಜಿಗೆ ಆತು!"

ನಾಗತಿ ತಿರುಮಲವ್ವನನ್ನು ಕರೆಸಿ, "ಇದು ಪವಾಡವೋ, ನಿನ್ನ ಕೈತಪ್ಪೋ? ಪವಾಡ ಅಂದರೆ ಕುಂಚ ನಿನ್ನ ಹತ್ತಿರವೇ ಇರಲಿ" ಎಂದಳು. ಒಂದು ಮಾತು ಒಪ್ಪಿದ್ದರೆ ಸಾಕಿತ್ತು. ತಿರುಮಲವ್ವ ಬರಿದಾದ ಮುಖವನ್ನೊಮ್ಮೆ ನೋಡಿ, "ಪವಾಡ ಅಲ್ಲ ತಾಯಿ, ಅಂಟು" ಎಂದಳು. "ನೀಲಿ ಬೇಕಂದ್ರೆ ಸ್ನಾನ ಬ್ಯಾಡ. ಸ್ನಾನ ಬೇಕಂದ್ರೆ ನೀಲಿ ಬ್ಯಾಡ. ಎರಡರಾಗೆ ಯಾವ್ದು ಅಂತ ನೀವೇ ಹೇಳ್ರಿ."

ನಾಗತಿ ಕನಸನ್ನು ಬಿಡಬೇಕಿತ್ತು, ಇಲ್ಲವೇ ಸೇವೆಯನ್ನು ಬಿಡಬೇಕಿತ್ತು. ಕೊನೆಗೆ, "ಮೈ ತೊಳೀದೆ ಯಾವ ಹೆಣ್ಣನ್ನೂ ಕೂರಿಸಬಾರದು, ಅಮ್ಮನನ್ನು ಹೆಂಗೆ ಕೂರಿಸಲಿ? ಸ್ನಾನವೇ ಇರಲಿ. ನಿಜ ಹೇಳಿದವಳು ನೀನು, ಇನ್ನೊಂದು ಸಲ ನೀನೇ ಬರೆ. ಈ ಸಲ ಮುಖ ನಿಂತರೆ ಕುಂಚ ನಿನ್ನದು" ಎಂದಳು.

ತಿರುಮಲವ್ವ ಮುಖದ ಹಳೆಯ ಗಾರೆಯನ್ನು ಕೆತ್ತಿ ತೆಗೆದು, ಹೊಸ ಗಾರೆ ಮೆತ್ತಿ, ಅದು ಆರುವುದರೊಳಗೆ ಕಾವಿ ಮತ್ತು ಹಳದಿ ಮಣ್ಣಿನಲ್ಲಿ ಮತ್ತೆ ಬರೆದಳು. ಹಸಿ ಗಾರೆಯಲ್ಲಿ ತಿದ್ದುವುದಕ್ಕೆ ಅವಕಾಶವಿಲ್ಲ, ಎಳೆದ ಗೆರೆ ಎಳೆದಂತೆಯೇ. ಅದಕ್ಕೇ ಈ ಮುಖ ಮೊದಲಿನಷ್ಟು ಚೆಲುವಾಗಿ ಬರಲಿಲ್ಲ. ಅದು ಅವಳಿಗೂ ಗೊತ್ತಿತ್ತು ಎನ್ನುತ್ತಾರೆ. ಗಾರೆ ಗಟ್ಟಿಯಾದ ಮೇಲೆ ಊರೆಲ್ಲ ಸೇರಿದ್ದಾಗ ಸಂಜೀವಣ್ಣ ತನ್ನ ಬಿಳಿ ಶಲ್ಯವನ್ನು ಅಮ್ಮನ ಗಲ್ಲದ ಕೆಳಗೆ ಒಡ್ಡಿ, "ಹುಯ್ಯವ್ವ ಅತ್ತಿಗೆ, ನೋಡೇಬಿಡಾನ" ಎಂದ. ತಿರುಮಲವ್ವ ತಾನೇ ಕೊಡ ಎತ್ತಿ ಸುರಿದಳು. ಶಲ್ಯ ತೊಯ್ದಿತು, ಬಣ್ಣ ಹತ್ತಲಿಲ್ಲ. ಅವನು ಅದನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು, ತನ್ನ ಕುಂಚದ ಚೀಲವನ್ನೂ ಅತ್ತಿಗೆಯ ಮುಂದಿಟ್ಟ.

ಹೊಂಡದ ನೀಲಿ ಅದೇ ಮಳೆಗಾಲದಲ್ಲಿ ತೊಳೆದುಹೋಯಿತು, ಹೆಸರು ಉಳಿಯಿತು. ಇಂದಿಗೂ ಬಂದವರು ಅಮ್ಮನ ಮುಖದ ಸುತ್ತ ಹೊಸ ಗಾರೆ ಹಳೆಯದಕ್ಕೆ ಕೂಡಿದ ತೆಳ್ಳನೆಯ ಬಿರುಕನ್ನು ನೋಡಬಹುದು. ಇಲ್ಲಿ ಮೊದಲ ಕೊಡ ಸುರಿಯುವವರು ಅರ್ಚಕರಲ್ಲ, ತಿರುಮಲವ್ವನ ವಂಶದ ಹೆಣ್ಣುಮಗಳು. ಸುರಿದ ಮೇಲೆ ಅವಳು ಬಿಳಿ ಬಟ್ಟೆಯಿಂದ ಗಲ್ಲ ಒರೆಸಿ ಎಲ್ಲರಿಗೂ ಎತ್ತಿ ತೋರಿಸುತ್ತಾಳೆ. ಬಟ್ಟೆ ಬೆಳ್ಳಗಿದೆ ಎಂದು ಜನ ಒಪ್ಪಿದ ಮೇಲೆಯೇ ಮಂಗಳಾರತಿ.