ಮೂಲೆಗೆ ಹೂವಿಲ್ಲದ ಕೌದಿ

ಬರ್ರಿ, ಹತ್ತಿರ ಕೂಡ್ರಿ. ಒಂದು ರಾಜ್ಯದಲ್ಲಿ ಒಬ್ಬ ದೊರೆಯಿದ್ದ, ಅವನಿಗೊಬ್ಬ ಮಂತ್ರಿಯಿದ್ದ. ದೊರೆಗೆ ಕಿವಿ ದೊಡ್ಡದು, ಮಂತ್ರಿಗೆ ಬಾಯಿ ದೊಡ್ಡದು. ರಾಜ್ಯದ ಅಂಚಿಗೆ ಕಡಲಗೇರಿ ಅಂತ ಒಂದು ಕೇರಿ. ಅಲ್ಲಿಯವರ ಹಿರಿಯರು ಯಾವುದೋ ಕಾಲಕ್ಕೆ ಹಡಗು ಹತ್ತಿ ಕಡಲಾಚೆಯಿಂದ ಬಂದವರು. ಮೈ ಕಪ್ಪು, ಕೂದಲು ಗುಂಗುರು, ಕೈ ಬಂಗಾರ. ಹಳೇ ಬಟ್ಟೆಯ ತುಂಡು ಕೂಡಿಸಿ ಅವರು ಹೊಲಿದ ಕೌದಿ ಇಲ್ಲದ ಮನೆ ಆ ರಾಜ್ಯದಲ್ಲೇ ಇರಲಿಲ್ಲ.

ಆದರೆ ಆ ಜನ ಅರಮನೆ ಬಾಗಿಲು ದಾಟಬೇಕಾದರೆ ಮುಖಕ್ಕೆ ಅಕ್ಕಿಹಿಟ್ಟು ಬಳಿದುಕೊಳ್ಳಬೇಕಿತ್ತು! ಕರಿ ಮುಖ ಕಂಡರೆ ದೊರೆಗೆ ಅಪಶಕುನ ಅಂತ ಮಂತ್ರಿ ಹುಟ್ಟಿಸಿದ ಕಟ್ಟಳೆ ಅದು. ಕಾವಲುಗಾರ ಹಿಟ್ಟಿನ ಬುಟ್ಟಿ ಹಿಡಿದೇ ನಿಂತಿರುತ್ತಿದ್ದ. ಅರಮನೆಯಲ್ಲಿ ಕೌದಿ ಹೊಲಿಯುವ ಆ ಕೇರಿಯ ಫಕೀರವ್ವ ದಿನಾ ಬಳಿದುಕೊಳ್ಳುತ್ತಿದ್ದಳು. ಹಿಟ್ಟು ಬಳಿದರೇನು, ಹೊಟ್ಟೆ ತುಂಬುತ್ತದಲ್ಲ ಅಂತ ಸುಮ್ಮನಿದ್ದಳು.

ಒಂದು ಸಂಜೆ ಮನೆಗೆ ಬಂದು ನೋಡುತ್ತಾಳೆ, ಐದು ವರ್ಷದ ಮಗಳು ತುಂಗಿ ಹಿಟ್ಟಿನ ಗಡಿಗೆಗೆ ಕೈ ಹಾಕಿ ಮುಖ, ಕೈ, ಕಾಲು ಎಲ್ಲ ಬಳಿದುಕೊಂಡು ಕೂತಿದೆ.

"ಅವ್ವಾ, ಈಗ ನಾ ಚಂದ ಕಾಣ್ತೀನಿ, ಹೌದಿಲ್ಲ?"

ಫಕೀರವ್ವ ಓಡಿಹೋಗಿ ಮಗಳನ್ನು ಎತ್ತಿಕೊಂಡಳು. ನೀರು ತಂದು ತೊಳೆಯಲು ಹೋದರೆ ಕೂಸು "ತೊಳೀಬ್ಯಾಡ ಅವ್ವಾ" ಅಂತ ಕಿರುಚಿ ಅತ್ತಿತು. ಮಗಳ ಮೈಮೇಲೆ ತನ್ನದೇ ತಪ್ಪು ಕಂಡು ಆ ತಾಯಿಗೆ ಅನ್ನ ಇಳಿಯಲಿಲ್ಲ.

ಅಷ್ಟರಲ್ಲಿ ದೊರೆಯ ಅಪ್ಪಣೆಯಾಯಿತು. ತನ್ನ ಪಟ್ಟದ ಹಬ್ಬಕ್ಕೆ ಕೇರಿಕೇರಿಯಿಂದ ಒಂದೊಂದು ತುಂಡು ತಂದು ಒಂದೇ ಕೌದಿ ಮಾಡಬೇಕು, ತುಂಬಿದ ಸಭೆಯಲ್ಲಿ ಅದನ್ನು ಹೊದೆಯುತ್ತೇನೆ ಅಂದ. ನೇಕಾರರ ತುಂಡು ಬಂತು, ಗಾಣಿಗರ ತುಂಡು ಬಂತು, ಕುಂಬಾರರ ತುಂಡು ಬಂತು. ಕಡಲಗೇರಿಯದನ್ನು ಯಾರೂ ಕೇಳಲಿಲ್ಲ. ಫಕೀರವ್ವ ಎಲ್ಲವನ್ನೂ ಹೊಲಿದಳು. ಕೊನೆಗೆ ತನ್ನ ಕರಿ ಸೀರೆಯ ಸೆರಗು ಹರಿದು, ಮಡಿಸಿ, ನಾಲ್ಕು ಮೂಲೆಗೂ ಬಟ್ಟೆಯ ಹೂವು ಇಟ್ಟು ಹೊಲಿದಳು. ಮೂಲೆಗೆ ಹೂವಿಡದೆ ಆ ಕೇರಿಯವರು ಯಾರಿಗೂ ಕೌದಿ ಕೊಡುತ್ತಿರಲಿಲ್ಲ.

ಮಂತ್ರಿ ಕಂಡ. ಕತ್ತರಿ ತಗೊಂಡು ಕಚಕ್ ಅಂತ ಕತ್ತರಿಸಿದ. "ನಿಮ್ಮನ್ನ ಹೊಲಿಯಾಕ ಕರದೀವಿ, ಕೂಡಾಕಲ್ಲ" ಅಂದ.

ಫಕೀರವ್ವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮರುದಿನ ಮತ್ತೆ ಇಟ್ಟಳು. ಮಂತ್ರಿ ಕತ್ತರಿಸಿ ಒಲೆಗೆ ಹಾಕಿದ. ಮೂರನೆಯ ದಿನ ಮತ್ತೆ ಇಟ್ಟಳು. ಕತ್ತರಿಸಿ, ಕಾಲಲ್ಲಿ ಹೊಸಕಿ, "ಮೂಲಿ ಬರೇ ಇರ್ಲಿ! ಇದು ನನ್ನ ಅಪ್ಪಣೆ" ಅಂತ ಕೂಗಿದ.

"ಬರೇ ಇರ್ಲೇನ್ರಿ? ಇನ್ನೊಮ್ಮೆ ಹೇಳ್ರಿ."

"ಬರೇ ಇರ್ಲಿ ಅಂದೆನಲ್ಲ!"

ಅಲ್ಲಿದ್ದ ದಾಸಿಯರೆಲ್ಲ ಕೇಳಿದರು. ಫಕೀರವ್ವ ಕೇರಿಗೆ ಬಂದು ಎಲ್ಲರಿಗೂ ಹೇಳಿದಳು. ಹಿರಿಯಳು ಮಾಳಜ್ಜಿ ಎದ್ದು ನಿಂತಳು. "ಬರೇ ಮೂಲಿಗೆ ನಾವು ಏನ್ ಮಾಡ್ತೀವಿ, ಅದನ್ನ ಮಾಡೂಣು ನಡೀರಿ."

ಹಬ್ಬದ ದಿನ ಇಡೀ ಕೇರಿ ಸೊಂಟಕ್ಕೆ ಡೋಲು ಕಟ್ಟಿ ಹೊರಟಿತು. ಕಾವಲುಗಾರ ಬುಟ್ಟಿ ಚಾಚಿದ. ಒಬ್ಬಳು ದಾಟಿದಳು, ಹಿಟ್ಟು ಮುಟ್ಟಲಿಲ್ಲ. ಇನ್ನೊಬ್ಬಳು ದಾಟಿದಳು, ಮುಟ್ಟಲಿಲ್ಲ. ನೂರು ಜನ ಬರಿಮುಖದಲ್ಲಿ ದಾಟಿದರು! ಕಾವಲುಗಾರನಿಗೆ ಬಾಯಿ ಮುಚ್ಚುವುದೇ ಮರೆತುಹೋಯಿತು.

ಸಭೆ ತುಂಬಿತ್ತು. ಮಂತ್ರಿ ತಾನೇ ಕೌದಿ ಬಿಚ್ಚಿ ದೊರೆಯ ಹೆಗಲಿಗೆ ಹೊದಿಸಿದ. ಹೊದಿಸಿದ್ದೇ ತಡ, ಕಡಲಗೇರಿಯ ಹೆಂಗಸರು ಧೊಪ್ಪನೆ ಕೂತು, ಕೂದಲು ಬಿಚ್ಚಿ, ಎದೆ ಬಡಿದುಕೊಂಡರು. ಗಂಡಸರು ಸಾವಿನ ಡೋಲು ಬಾರಿಸಿದರು.

"ಅಯ್ಯಯ್ಯೋ ನಮ್ಮ ದೊರಿ, ಹೋದ್ಯಾ ನಮ್ಮಪ್ಪಾ!"

ಸಭೆ ಬೆಚ್ಚಿಬಿತ್ತು. ರಾಣಿ ತಾಳಿ ಹಿಡಿದುಕೊಂಡಳು. ದೊರೆ ತನ್ನ ಕೈನಾಡಿ ತಾನೇ ಮುಟ್ಟಿ ನೋಡಿಕೊಂಡ. "ಅಲ್ಲಾ, ನಾ ಇನ್ನೂ ಬದುಕಿದೀನಿ!"

ಫಕೀರವ್ವ ಕೈ ಮುಗಿದಳು. "ನಮ್ಮಲ್ಲಿ ಮೂಲಿಗೆ ಹೂವಿಲ್ಲದ ಕೌದಿ ಹೊದಸೂದು ಹೆಣಕ್ಕರಿ ದೊರಿ. ಹೊದಿಸಿದ ಮ್ಯಾಲ ಅಳೂದು ಪದ್ಧತಿ. ನಾ ಮೂರು ಸರ್ತಿ ಹೂವು ಇಟ್ಟೆ, ಮಂತ್ರಿಗಳು ಮೂರು ಸರ್ತಿ ಕತ್ತರಿಸಿದ್ರು. ದಾಸಿಯರನ್ನ ಕೇಳ್ರಿ."

ದಾಸಿಯರು ತಲೆ ಆಡಿಸಿದರು. ದೊರೆ ಮೈಮೇಲೆ ಕೆಂಡ ಬಿದ್ದವನ ಹಾಗೆ ಕೌದಿ ಕೊಡವಿ ಎದ್ದ.

"ನಂಗ ಗೊತ್ತಿರಲಿಲ್ಲ" ಅಂತ ಮಂತ್ರಿ ತೊದಲಿದ.

"ಹುಟ್ಟಿದಾಗಿಂದ ನಮ್ಮ ಕೌದಿ ಹೊದ್ದೀರಿ. ನಾವು ಯಾರಂತ ಒಮ್ಮೆರ ಕೇಳೀರೇನು?" ಅಂದಳು ಫಕೀರವ್ವ.

ದೊರೆ ಅವರ ಮುಖಗಳನ್ನು ನೋಡಿದ. ಹಿಟ್ಟಿಲ್ಲದೆ ಆ ಮುಖಗಳನ್ನು ಅವನು ಎಂದೂ ನೋಡೇ ಇರಲಿಲ್ಲ! ನಾಚಿಕೆಯಿಂದ ತಲೆ ತಗ್ಗಿತು. ಕಟ್ಟಳೆ ಅಲ್ಲೇ ರದ್ದು ಮಾಡಿ, "ಹೂವು ಇಡವ್ವಾ" ಅಂದ.

"ಇಡ್ತೀನ್ರಿ. ಆದ್ರ ಬಟ್ಟಿ ಮಂತ್ರಿಗಳೇ ನಮ್ಮ ಕೇರಿಯಾಗ ಬೇಡಿ ತರಬೇಕು."

ದೊರೆ ಹೂಂ ಅಂದ, ಮಂತ್ರಿ ಶಲ್ಯ ಒಡ್ಡಿ ಹೊರಟ. ಮೊದಲನೆಯ ಮನೆಯವರು "ಮುಂದಕ್ಕ ಹೋಗ್ರಿ" ಅಂದರು. ಎರಡನೆಯ ಮನೆಯವರೂ "ಮುಂದಕ್ಕ" ಅಂದರು. ಮೂರನೆಯದು ಮಾಳಜ್ಜಿಯ ಮನೆ. ಅಜ್ಜಿ ತನ್ನ ಕರಿ ಸೀರೆಯ ಅಂಚು ಹರಿದು ಕೊಟ್ಟಳು.

"ತಗೋಪಾ. ನಲವತ್ತು ವರ್ಷ ತೊಳದೀನಿ, ಬಣ್ಣ ಬಿಟ್ಟಿಲ್ಲ."

ಆಗ ತುಂಗಿ ಅವ್ವನ ಹಾಗೇ ಬರಿಮುಖದಲ್ಲಿ ಓಡಿಬಂದಳು. ತನ್ನ ಲಂಗದ ತುದಿ ಹಿಡಿದು, "ನಂದೂ ಹರಕೋರಿ, ನಾನೂ ಕಡಲಗೇರಿಯಾಕಿ" ಅಂದಳು. ಬಾಗಿಲಲ್ಲಿ ನಿಂತಿದ್ದ ಫಕೀರವ್ವನಿಗೆ ಅಳು ಉಕ್ಕಿಬಂತು.

ತಿಳೀತೇನ್ರಪ್ಪಾ? ಕೈಕೆಲಸ ಬೇಕು, ಕೈಯ ಬಣ್ಣ ಬೇಡ ಅನ್ನುವವನು ಒಂದಿಲ್ಲೊಂದು ದಿನ ಆ ಕೈಯ ಮುಂದೆಯೇ ಸೆರಗೊಡ್ಡುತ್ತಾನೆ. ಹೆತ್ತವರು ಮುಖ ಮುಚ್ಚಿಕೊಂಡರೆ ಮಕ್ಕಳೂ ಮುಚ್ಚಿಕೊಳ್ಳುತ್ತಾರೆ, ಅವರು ತಲೆಯೆತ್ತಿದರೆ ಮಕ್ಕಳೂ ಎತ್ತುತ್ತಾರೆ.