ಬೋರಲಿಂಗನೂ ತಿರುಗು ಕಪಾಟೂ

ಊರು ಯಾವುದು ಅಂತ ಕೇಳಬೇಡಿ, ಹೇಳಿದರೆ ಆ ಊರಿನವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಊರಿಗೊಂದು ಕಚೇರಿ ಇತ್ತು, ಕಚೇರಿ ತುಂಬ ಕಾಗದ ಇತ್ತು, ಕಾಗದದ ತುಂಬ ಧೂಳಿತ್ತು. ಅದೇ ಊರಿನಲ್ಲಿ ದೇವೀರಮ್ಮ ಅಂತ ಒಬ್ಬ ತಾಯಿ. ಆಕೆಗೆ ಬೋರಲಿಂಗ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತಾರು, ಎದೆ ಬಾಗಿಲಗಲ, ಹೇಳಿದ ಮಾತು ತೆಗೆದುಹಾಕುವವನಲ್ಲ. ಕಷ್ಟ ಅದೇ ನೋಡಿ! ಹೇಳಿದ್ದನ್ನೆಲ್ಲ ಮಾಡುತ್ತಿದ್ದ, ಹೇಳಿದಷ್ಟನ್ನೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ.

ದೇವೀರಮ್ಮನಿಗೆ ಮಗ ಪೆದ್ದ ಅನ್ನೋ ದುಃಖ ಒಂದು ಪಾಲು. ಪಕ್ಕದ ಮನೆಯ ಹಿರೀ ಓರಗಿತ್ತಿ ಜವರಮ್ಮನ ಮಗ ಮರಿಸ್ವಾಮಿ ಜಾಣ ಅನ್ನೋ ಸಂಕಟ ಒಂಬತ್ತು ಪಾಲು. ಜವರಮ್ಮನ ಮನೆಯಲ್ಲಿ ಒಗ್ಗರಣೆ ಚಟಪಟ ಅಂದರೆ ಈಕೆಯ ಹೊಟ್ಟೆಯಲ್ಲಿ ಚಟಪಟ. ಜವರಮ್ಮ ಏನೂ ಕಡಿಮೆ ಇಲ್ಲ ಬಿಡಿ. ದೇವೀರಮ್ಮನ ಎಮ್ಮೆ ಒಂದು ಲೋಟ ಹಾಲು ಜಾಸ್ತಿ ಕೊಟ್ಟ ದಿನ ಆಕೆಗೆ ತಲೆನೋವು.

ಹೀಗಿರುವಾಗ ಕಚೇರಿಗೆ ಒಂದು ತಿರುಗು ಕಪಾಟು ಬಂತು. ಆಳೆತ್ತರದ ಕಬ್ಬಿಣದ ಕಪಾಟು, ಗುಂಡಗೆ, ಸುತ್ತಲೂ ಗೂಡು, ಗೂಡಿಗೊಂದು ಕೊಕ್ಕೆ. ಪಕ್ಕದಲ್ಲಿ ಒಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಕಪಾಟು ಗರಗರ ತಿರುಗಿ ಬೇಕಾದ ಫೈಲು ಎದುರಿಗೆ ಬರುತ್ತೆ. ಆ ಹಿಡಿಕೆಗೆ ಒಂದು ಬೀಗ, ಆ ಬೀಗಕ್ಕೆ ಒಂದು ಕೀಲಿ. ಮೇಲಿನಿಂದ ಹುಕುಂ ಬಂತು: ಇಬ್ಬರು ಜವಾನರನ್ನು ತಾತ್ಕಾಲಿಕವಾಗಿ ತಗೊಳ್ಳಿ, ಶುಕ್ರವಾರ ಪರೀಕ್ಷೆ ಮಾಡಿ, ಅಲ್ಲೀತನಕ ಯಾರನ್ನೂ ತೆಗೆಯಬೇಡಿ. ಕಡೆಗೆ ಕೀಲಿ ಯಾರ ಕೈಲಿರುತ್ತೋ ಅವನ ಹೆಸರು ಬರೆದು ಕೆಲಸ ಕಾಯಂ ಮಾಡಿ.

ತಗೊಂಡಿದ್ದು ಯಾರನ್ನು? ಮರಿಸ್ವಾಮಿಯನ್ನು, ಬೋರಲಿಂಗನನ್ನು!

"ಲೋ ಬೋರಾ, ಆ ಕೀಲಿ ಜವರಿ ಮನೆಗೆ ಹೋದ್ರೆ ನಾನು ಬಾವಿಗೆ ಬೀಳ್ತೀನಿ!" ಅಂದಳು ದೇವೀರಮ್ಮ.

"ಯಾವ ಬಾವಿಗವ್ವಾ?" ಅಂದ ಬೋರಲಿಂಗ.

ಸೋಮವಾರ ಶಿರಸ್ತೇದಾರ್ ವೆಂಕಟನರಸಯ್ಯನವರು ಬೋರಲಿಂಗನ ಕೈಗೆ ತಾರೀಖಿನ ಮೊಹರು ಕೊಟ್ಟು ಬಾಗಿಲಲ್ಲಿ ಕೂರಿಸಿದರು. "ನೋಡಯ್ಯಾ, ಈ ಬಾಗಿಲಲ್ಲಿ ಏನೇ ಬರಲಿ, ಮೊದಲು ತಾರೀಖು ಒತ್ತು, ಆಮೇಲೆ ಒಳಗೆ ಬಿಡು."

"ಏನೇ ಬಂದರೂನಾ ಬುದ್ಧೀ?"

"ಏನೇ ಬಂದರೂ!"

ಟಪಾಲು ಬಂತು, ಒತ್ತಿದ. ಹೋಟೆಲಿನ ಕಾಫಿ ಕೂಜ ಬಂತು, ಒತ್ತಿದ. ಒಂದು ಆಡು ಬಂತು, ಅದರ ಪಕ್ಕೆಗೆ ಒತ್ತಿದ. ಕಡೆಗೆ ಬಂದವರು ಅಮಲ್ದಾರರು, ಆಗತಾನೆ ಇಸ್ತ್ರಿ ಮಾಡಿದ ಬಿಳೀ ಕೋಟಿನಲ್ಲಿ. ಎದೆಯ ಮೇಲೆ ಟಪ್ ಅಂತ ಒತ್ತಿ, "ಈಗ ಹೋಗಿ ಬುದ್ಧೀ" ಅಂದ.

ಸಾಯಂಕಾಲ ಸುದ್ದಿ ಮನೆಗೆ ಇವನಿಗಿಂತ ಮುಂಚೆ ಬಂದಿತ್ತು. ತಂದವಳು ಜವರಮ್ಮನೇ.

"ಅಯ್ಯೋ ಪೆದ್ದೇ! ಅವಳ ಬಾಯಿಗೆ ಅವಲಕ್ಕಿ ಹಾಕಿದೆಯಲ್ಲೋ! ಮರಿಸ್ವಾಮಿ ಏನು ಮಾಡ್ದ?"

"ಅವನು ಕೈ ಮುಗಿದ ಅವ್ವಾ."

"ನೋಡು! ನೋಡು ಅವನನ್ನ! ಕಚೇರಿಗೆ ಹೊಸದಾಗಿ ಬಂದೋರಿಗೆ ಕೈ ಮುಗೀಬೇಕು, ಕುರ್ಚೀಲಿ ಕೂರಿಸಬೇಕು, ಕುಡಿಯೋಕೆ ನೀರು ಕೊಡಬೇಕು. ಗೊತ್ತಾಯ್ತಾ?"

"ಗೊತ್ತಾಯ್ತವ್ವಾ."

ಮಂಗಳವಾರ ಹೊಸದಾಗಿ ಬಂದಿದ್ದು ನಂಬರು ಹೊಡೆಯೋ ಯಂತ್ರ. ಬಲು ಸೊಗಸಾದ ಯಂತ್ರ ಕಣ್ರೀ! ತಲೆ ಮೇಲೆ ಒಂದು ಗುದ್ದಿದರೆ ಕಾಗದದ ಮೇಲೆ ಒಂದು ನಂಬರು. ಇನ್ನೊಂದು ಗುದ್ದಿದರೆ ಅದರ ಮುಂದಿನ ನಂಬರು, ತಾನಾಗೇ. ಪೆಟ್ಟಿಗೆ ಒಡೆದು ತೆಗೆದ ಬೋರಲಿಂಗ, ಕೈ ಮುಗಿದ. ಎತ್ತಿಕೊಂಡು ಹೋಗಿ ಅಮಲ್ದಾರರ ಕುರ್ಚಿಯಲ್ಲಿ ಕೂರಿಸಿದ. ಒಂದು ಚೊಂಬು ನೀರು ತಂದು, "ಬಿಸಿಲಲ್ಲಿ ಬಂದಿದ್ದೀರಿ, ಕುಡೀರಿ" ಅಂತ ನೆತ್ತಿ ಮೇಲೆ ಹುಯ್ದ. ಕುಡಿಯಿತು. ಇನ್ನೊಂದು ಚೊಂಬು ಹುಯ್ದ. ಅದನ್ನೂ ಕುಡಿಯಿತು.

ಮಧ್ಯಾಹ್ನದ ಹೊತ್ತಿಗೆ ಒಳಗಿನ ಚಕ್ರ ಕಚ್ಚಿಕೊಂಡು ನೂರಾ ಹದಿನೇಳಕ್ಕೆ ನಿಂತುಬಿಟ್ಟಿತು. ಎಷ್ಟು ಗುದ್ದಿದರೂ ನೂರಾ ಹದಿನೇಳು. ನಲವತ್ತು ಜನರ ಅರ್ಜಿ, ನಲವತ್ತಕ್ಕೂ ನೂರಾ ಹದಿನೇಳು! "ನೂರಾ ಹದಿನೇಳು ಯಾರಪ್ಪಾ?" ಅಂತ ಶಿರಸ್ತೇದಾರರು ಕೂಗಿದರೆ ನಲವತ್ತು ಜನವೂ ಎದ್ದು ನಿಂತರು.

"ಯಂತ್ರಕ್ಕೆ ನೀರು ಕುಡಿಸ್ತಾರೇನೋ, ದಡ್ಡ ಶಿಖಾಮಣೀ!" ಅಂತ ಶಿರಸ್ತೇದಾರರು ತಲೆ ಚಚ್ಚಿಕೊಂಡರು.

ಮನೆಯಲ್ಲಿ ದೇವೀರಮ್ಮನೂ ಚಚ್ಚಿಕೊಂಡಳು. "ಮರಿಸ್ವಾಮಿ ಏನು ಮಾಡ್ದ?"

"ಬಿಸಿಲಿಗಿಟ್ಟ, ಎಣ್ಣೆ ಬಿಟ್ಟ. ಮತ್ತೆ ಓಡ್ತು ಅವ್ವಾ."

"ಅಯ್ಯೋ, ಆ ಎಣ್ಣೆ ನೀನೇ ಬಿಡಬಾರದಿತ್ತೇನೋ? ನಮ್ಮ ಮನೇಲಿ ಹರಳೆಣ್ಣೆ ಇರಲಿಲ್ವೇನೋ? ಅವಳ ಮನೇದಕ್ಕಿಂತ ಒಳ್ಳೇದು! ಯಾವುದಾದ್ರೂ ಬಿಗಿಯಾಗಿ ಕಚ್ಚಿಕೊಂಡ್ರೆ ಎಣ್ಣೆ ಬಿಡು, ಧಾರಾಳವಾಗಿ ಬಿಡು!"

ಇತ್ತ ಜವರಮ್ಮ ಸುಖವಾಗಿದ್ದಳೇ? ಇಲ್ಲ! ಸಂತೆಗೆ ಹೋದರೂ ಬೋರಲಿಂಗ, ನಲ್ಲಿಗೆ ಹೋದರೂ ಬೋರಲಿಂಗ. "ಊರೆಲ್ಲ ಆ ಪೆದ್ದನ ಮಾತೇ ಆಡ್ತಾರಲ್ಲೇ! ನನ್ನ ಮಗ ಯಂತ್ರ ಓಡಿಸ್ದ, ಒಬ್ಬರಾದ್ರೂ ಅವನ ಹೆಸರೆತ್ತಿದ್ರಾ?" ಅಂತ ಆಕೆ ಆ ರಾತ್ರಿ ಉಣ್ಣಲಿಲ್ಲ. ಮನುಷ್ಯರ ಹೊಟ್ಟೆಕಿಚ್ಚು ಹೀಗೂ ಇರುತ್ತೆ ನೋಡಿ, ಬೈಗುಳಕ್ಕೂ ಪಾಲು ಕೇಳುತ್ತೆ.

ಬುಧವಾರ ಬೋರಲಿಂಗನನ್ನು ಗೂಡಿನ ಹಲಗೆ ಹತ್ತಿರ ನಿಲ್ಲಿಸಿದರು. ಪಾರಿವಾಳದ ಗೂಡಿನ ಹಾಗೆ ಚಿಕ್ಕಚಿಕ್ಕ ಚೌಕ, ಹಳ್ಳಿಗೊಂದು ಚೌಕ, ಆಯಾ ಹಳ್ಳಿ ಕಾಗದ ಆಯಾ ಚೌಕಕ್ಕೆ. ಒಂದು ಚೌಕದಲ್ಲಿ ಕಾಗದದ ಕಟ್ಟು ಬಿಗಿಯಾಗಿ ಕಚ್ಚಿಕೊಂಡಿತ್ತು.

"ಎಳಿಯಯ್ಯಾ ಅದನ್ನ" ಅಂದರು ಶಿರಸ್ತೇದಾರರು.

ಎಳೆದ, ಬರಲಿಲ್ಲ. ಓಡಿದ ಮನೆಗೆ, ತಂದ ಹರಳೆಣ್ಣೆ, ಬಿಟ್ಟ ಧಾರಾಳವಾಗಿ. ಬಂತು! ಜಾರಿಕೊಂಡು ಬಂತು! ಅದೊಂದೇ ಅಲ್ಲ, ಕೆಳಗಿನ ಆರು ಚೌಕದ ಕಾಗದವೂ ಮಿಂದು ಮಿರಮಿರ ಮಿಂಚುತ್ತಾ ಬಂತು. ಎಣ್ಣೆ ಹೀರಿದ ಕಾಗದ ಗಾಜಿನಂತಾಗಿ ಮುಂದಿನದೂ ಹಿಂದಿನದೂ ಒಟ್ಟಿಗೆ ಕಾಣತೊಡಗಿತು. ಶಿರಸ್ತೇದಾರರು ಓದಲು ಹೋದರೆ, ಕೆರೆ ಹೂಳು ತೆಗೆಸಬೇಕೆಂಬ ಅರ್ಜಿಯೊಳಗೆ ಯಾರದೋ ಜನನ ಪತ್ರ ತಲೆಕೆಳಗಾಗಿ ಈಜುತ್ತಿತ್ತು.

"ಹಾಳಾದವನೇ, ಇದು ಕಚೇರಿಯೋ ಗಾಣವೋ?"

ಮನೆಯಲ್ಲಿ ಅದೇ ಪ್ರಶ್ನೆ. "ಮರಿಸ್ವಾಮಿ ಏನು ಮಾಡ್ದ?"

"ಕಾಗದ ಎಲ್ಲ ಒಂದೊಂದಾಗಿ ಬಿಡಿಸಿ ಬೂದಿ ಹಾಕಿ ಒತ್ತಿದ ಅವ್ವಾ."

"ಬೂದಿ! ನಮ್ಮ ಒಲೇಲಿ ಬೂದಿ ಇರಲಿಲ್ವಾ? ಎಲ್ಲಾ ಅವನಿಗೇ ತೋಚಬೇಕಾ? ಕೇಳು ಬೋರಾ! ಒಟ್ಟಿಗಿರೋ ಕಾಗದ ಸಿಕ್ಕಿದ್ರೆ ಒಂದೊಂದಾಗಿ ಬಿಡಿಸು. ಒಂದೇ ಥರದ್ದನ್ನ ಒಂದು ಗೂಡಿಗೆ ಹಾಕು. ಅವನಿಗಿಂತ ಅಚ್ಚುಕಟ್ಟಾಗಿ ಹಾಕು!"

ಗುರುವಾರ ಹಾಕಿದ. ಅಚ್ಚುಕಟ್ಟಾಗಿಯೇ ಹಾಕಿದ. ಇನ್ನೂರು ಫೈಲಿನ ಟ್ಯಾಗು ಬಿಚ್ಚಿದ. ಎಲ್ಲ ಫೈಲಿನ ಮೊದಲನೇ ಹಾಳೆ ಒಂದು ಗೂಡಿಗೆ, ಎಲ್ಲ ಫೈಲಿನ ಎರಡನೇ ಹಾಳೆ ಒಂದು ಗೂಡಿಗೆ, ಮೂರನೇದು ಮೂರನೇದಕ್ಕೆ. ಹೆಬ್ಬೆಟ್ಟಿನ ಗುರುತು ಇದ್ದದ್ದೆಲ್ಲ ಬೇರೆ, ರುಜು ಇದ್ದದ್ದೆಲ್ಲ ಬೇರೆ. ಅಂಚು ಸಮಮಾಡಿ, ಊದಿ, ಒರೆಸಿ, "ನೋಡಿ ಬುದ್ಧೀ, ಒಂದೇ ಥರದ್ದು ಒಂದೇ ಕಡೆ!" ಅಂತ ನಿಂತ.

ಶಿರಸ್ತೇದಾರರು ನೋಡಿದರು. ಕೂತರು. ಮತ್ತೆ ಎದ್ದು ನೋಡಿದರು. ಆಮೇಲೆ ಬಂತು ಧ್ವನಿ!

"ಜೊತೇಲಿ ಬಂದದ್ದನ್ನ ಬೇರೆ ಮಾಡ್ತಾರೇನೋ, ಪಾಪಿ? ಜೊತೇಲಿ ಬಂದರೆ ಒಂದರ ಮೇಲೊಂದು ಇಟ್ಟು ತೂತು ಹೊಡಿ, ಟ್ಯಾಗು ಪೋಣಿಸು, ಗಂಟು ಹಾಕು! ನನ್ನ ಹೆಣ ಬಿದ್ದರೂ ಬಿಚ್ಚಬೇಡ!"

ಮನೆಯಲ್ಲಿ ದೇವೀರಮ್ಮ ಅದನ್ನೇ ಮೂರು ಸಲ ಬಾಯಿಪಾಠ ಮಾಡಿಸಿದಳು. "ಜೊತೇಲಿ ಬಂದ್ರೆ?"

"ತೂತು ಹೊಡಿ, ಟ್ಯಾಗು ಪೋಣಿಸು, ಗಂಟು ಹಾಕು, ಬಿಚ್ಚಬೇಡ."

"ನನ್ನಪ್ಪನೇ! ನಾಳೆ ಕೀಲಿ ತಗೊಂಡು ಬಾ. ಅವಳ ಮುಖ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ ಆಗೋದನ್ನ ನಾನು ಕಣ್ಣಾರೆ ನೋಡಬೇಕು!"

ಶುಕ್ರವಾರ ಬಂತು. ಅಮಲ್ದಾರರು ಕಪಾಟಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತರು, ಇವತ್ತು ಖಾಕಿ ಕೋಟು. ಪಕ್ಕದಲ್ಲಿ ಶಿರಸ್ತೇದಾರರು, ಕೈಯಲ್ಲಿ ಹುಕುಂ, ಹೆಸರಿನ ಜಾಗ ಖಾಲಿ. ಮರಿಸ್ವಾಮಿಗೆ ನಾಲ್ಕು ಕಾಗದ ಕೊಟ್ಟರು. ಜೋಡಿಸಿದ, ಪಂಚಿಂಗ್ ಮಷೀನಿನಲ್ಲಿ ಎರಡು ತೂತು ಹೊಡೆದ, ಟ್ಯಾಗು ಪೋಣಿಸಿದ, ಕೊಕ್ಕೆಗೆ ಹಾಕಿದ, ಬೀಗ ತೆಗೆದು, ಕೀಲಿ ಅದರಲ್ಲೇ ಬಿಟ್ಟು, ಹಿಡಿಕೆ ತಿರುಗಿಸಿದ. ಗರ್ರ್! ಫೈಲು ಅಮಲ್ದಾರರ ಮೂಗಿನ ಎದುರು ನಿಂತಿತು.

"ಭೇಷ್! ಈಗ ನೀನಯ್ಯಾ ಬೋರಲಿಂಗ. ಟಪಾಲು ಬರೋ ಹೊತ್ತಾಯ್ತು. ಬಾಗಿಲಲ್ಲಿ ಈಗ ಏನು ಬರುತ್ತೋ ಅದನ್ನ ಫೈಲು ಮಾಡಿ, ಕೊಕ್ಕೆಗೆ ಹಾಕಿ, ತಿರುಗಿಸಿ ನನ್ನ ಮುಂದೆ ತಾ."

ಆಗ ಬಾಗಿಲಲ್ಲಿ ಏನು ಬಂತು ಅಂತೀರಿ?

ಮಗನಿಗೆ ಕೀಲಿ ಸಿಗೋದು ನೋಡಬೇಕು ಅಂತ ದೇವೀರಮ್ಮ ಹಿತ್ತಲಿನಿಂದ ಕಳ್ಳಹೆಜ್ಜೆಯಲ್ಲಿ ಹೊರಟಿದ್ದಳು. ಜವರಮ್ಮ ಮುಂದಿನ ಬಾಗಿಲಿಂದ ಹೊರಟಿದ್ದಳು. ಬೀದಿಯಲ್ಲಿ ಒಬ್ಬರನ್ನೊಬ್ಬರು ಕಂಡಿದ್ದೇ ಇಬ್ಬರೂ ನಡಿಗೆ ಬಿರುಸು ಮಾಡಿದರು, ಬಿರುಸು ಹೋಗಿ ಓಟ ಆಯಿತು, ಓಟದಲ್ಲೇ ಕಚೇರಿ ಬಾಗಿಲಿಗೆ ಇಬ್ಬರೂ ಒಟ್ಟಿಗೆ ನುಗ್ಗಿದರು. ನುಗ್ಗಿ, ಭುಜಕ್ಕೆ ಭುಜ ಕಚ್ಚಿಕೊಂಡು, ಬಾಗಿಲಲ್ಲೇ ಸಿಕ್ಕಿಬಿದ್ದರು!

"ಬಿಡಕ್ಕಾ, ನಾನು ಮೊದಲು ಬಂದಿದ್ದು!"

"ನೀನ್ಯಾವಳೇ? ದೊಡ್ಡ ಸೊಸೆ ನಾನು, ನಾನು ಮೊದಲು!"

ಬೋರಲಿಂಗ ನೋಡಿದ. ಜೊತೇಲಿ ಬಂದಿದಾರೆ. ಇವರು ಬೈಯೋದರಲ್ಲಿ ಮುಳುಗಿರುವಾಗ ಅವನು ಎರಡು ಸೆರಗೂ ಒಂದರ ಮೇಲೊಂದು ಇಟ್ಟ. ಪಂಚಿಂಗ್ ಮಷೀನು ತಂದ, ಕಟಕ್! ತೂತು ಹೊಡೆದ. ಹಸಿರು ಟ್ಯಾಗು ಪೋಣಿಸಿದ. ಮೂರು ಗಂಟು ಹಾಕಿದ.

"ಅಯ್ಯೋ, ನನ್ನ ಧಾರೆ ಸೀರೆ! ಬೋರಾ, ಎಷ್ಟು ತೂತು ಹೊಡೆದ್ಯೋ?" ಅಂತ ಚೀರಿದಳು ದೇವೀರಮ್ಮ.

"ಎರಡು ಅವ್ವಾ."

"ಅವಳದಕ್ಕೆ?"

"ಅದಕ್ಕೂ ಎರಡು."

"ಹಂಗಾದ್ರೆ ಸರಿ."

ಬೋರಲಿಂಗ ಇಬ್ಬರನ್ನೂ ಎಳೆದು ತಂದು ಟ್ಯಾಗನ್ನು ಕಪಾಟಿನ ಕೊಕ್ಕೆಗೆ ಸಿಕ್ಕಿಸಿದ. ಹಿಡಿಕೆ ತಿರುಗಿಸಿದ. ಗರ್ರ್! ಕಪಾಟು ತಿರುಗಿತು, ಕಪಾಟಿನ ಹಿಂದೆ ಜವರಮ್ಮ ದೇವೀರಮ್ಮ ತಿರುಗಿದರು. ಮರಿಸ್ವಾಮಿ "ಅವ್ವಾ!" ಅಂದ. ಶಿರಸ್ತೇದಾರರು "ರಾಮರಾಮ!" ಅಂದರು.

"ಅಯ್ಯಯ್ಯೋ, ಇವಳು ನನಗಿಂತ ಮುಂದೆ ಓಡ್ತಾವ್ಳೆ! ಬೋರಾ, ನಾನು ಮುಂದೆ ಬರೋವರೆಗೂ ನಿಲ್ಲಿಸಬೇಡ ಕಣೋ!" ದೇವೀರಮ್ಮನ ಕೂಗು.

"ನಿಲ್ಲಿಸೋ!" ಅಮಲ್ದಾರರ ಕೂಗು.

"ಅವ್ವ ಇನ್ನೂ ಮುಂದೆ ಬಂದಿಲ್ಲ ಬುದ್ಧೀ!"

ಗುಂಡಗಿನ ಕಪಾಟಿನ ಸುತ್ತ ಓಡುವಾಗ ಯಾರು ಮುಂದೆ, ಯಾರು ಹಿಂದೆ? ಈಕೆ ಆಕೆಯನ್ನು ಅಟ್ಟಿಸಿಕೊಂಡು ಹೋದಳೋ, ಆಕೆ ಈಕೆಯನ್ನು ಅಟ್ಟಿಸಿಕೊಂಡು ಹೋದಳೋ, ನೋಡಿದವರಿಗೆ ತಲೆ ಸುತ್ತಿತು. ಅಮಲ್ದಾರರು ಕುರ್ಚಿಯ ಮೇಲೆ ಹತ್ತಿ ನಿಂತರು. "ಮರಿಸ್ವಾಮೀ! ಆ ಕೀಲಿ ತಗೊಳ್ಳಯ್ಯಾ, ಬೀಗ ಹಾಕು! ಇನ್ನು ಕೀಲಿ ನಿನ್ನದೇ!"

ಮರಿಸ್ವಾಮಿ ಹಾರಿ ಬೀಗ ಹಾಕಿದ, ಕೀಲಿ ಕೈಗೆ ತಗೊಂಡ. ಕಪಾಟು ಗಕ್ಕನೆ ನಿಂತಿತು. ಶಿರಸ್ತೇದಾರರು ಮರಿಸ್ವಾಮಿಯ ಹೆಸರು ಬರೆಯಲು ಪೆನ್ನು ಮಸಿಗೆ ಅದ್ದಿದರು.

ಕಪಾಟು ನಿಂತಾಗ ಅಮಲ್ದಾರರ ಎದುರಿಗೆ ನೆಟ್ಟಗೆ ನಿಂತಿದ್ದವಳು ದೇವೀರಮ್ಮ. ತಲೆ ಕೆದರಿದೆ, ಕುಂಕುಮ ಕಿವಿಗೆ ಹೋಗಿದೆ, ಆದರೂ ಎದುರಿಗೆ! ಜವರಮ್ಮ ಒಂದು ಹೆಜ್ಜೆ ಹಿಂದೆ.

"ಅವ್ವಾ, ನೀನೇ ಮುಂದೆ!" ಅಂತ ಬೋರಲಿಂಗ ಚಪ್ಪಾಳೆ ತಟ್ಟಿದ.

ದೇವೀರಮ್ಮ ಸೆರಗು ಸರಿಮಾಡಿಕೊಂಡು, ಕತ್ತು ತಿರುಗಿಸಿ, ಜವರಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟೇ! ಜವರಮ್ಮನಿಗೆ ಮಗನ ಕೈಯ ಕೀಲಿ ಕಾಣಲಿಲ್ಲ, ಹುಕುಮ್ಮೂ ಕಾಣಲಿಲ್ಲ. ಕಂಡದ್ದು ಆ ಒಂದು ಹೆಜ್ಜೆ.

"ಅಮಲ್ದಾರರ ಎದುರಿಗೆ ಇವಳು, ಇವಳ ಬೆನ್ನ ಹಿಂದೆ ನಾನಾ? ಮರೀ, ಕೊಡೋ ಕೀಲಿ ಬೋರನಿಗೆ! ಇನ್ನೊಂದು ಸುತ್ತು ತಿರುಗಿಸಲಿ!"

"ಅವ್ವಾ, ಕೀಲಿ ಕೊಟ್ರೆ..."

"ಕೊಡ್ತೀಯೋ ಇಲ್ವೋ?"

ಮರಿಸ್ವಾಮಿ ಜಾಣ, ಆದರೆ ಹೆತ್ತವಳ ಮಾತು ಮೀರಿದವನಲ್ಲ. ಎರಡೂ ಕೈಯಿಂದ ಕೀಲಿ ಕೊಟ್ಟ. ಪೆನ್ನು ಎತ್ತಿ ಹಿಡಿದಿದ್ದ ಶಿರಸ್ತೇದಾರರು ಹುಕುಂ ಓದಿದರು: ಕಡೆಗೆ ಕೀಲಿ ಯಾರ ಕೈಲಿರುತ್ತೋ ಅವನು. ಕಣ್ಣು ಮುಚ್ಚಿ ಬರೆದರು: ಬೋರಲಿಂಗ.

ಬೋರಲಿಂಗ ಬೀಗ ತೆಗೆದ. ದೊಡ್ಡವ್ವ ಹೇಳಿದ್ದು ಒಂದು ಸುತ್ತು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ, ಸರಿಯಾಗಿ ಒಂದು ಸುತ್ತು ತಿರುಗಿಸಿ ನಿಲ್ಲಿಸಿದ.

ಅಮಲ್ದಾರರ ಎದುರಿಗೆ ದೇವೀರಮ್ಮ. ಒಂದು ಹೆಜ್ಜೆ ಹಿಂದೆ ಜವರಮ್ಮ.

"ಇನ್ನೊಂದು ಸುತ್ತು ತಿರುಗಿಸೋ!" ಅಂತ ಕಿರುಚಿದಳು ಜವರಮ್ಮ.

"ಆಗಲಿ ದೊಡ್ಡವ್ವಾ" ಅಂದ ಬೋರಲಿಂಗ. ತಿರುಗಿಸಿದ, ಸರಿಯಾಗಿ ಒಂದು ಸುತ್ತು.